ಸ್ಟಂಪ್ ಮಾಡಿದವನು: ಸಬ್

ಆ ಸೀಸನ್ನಿನ ಸ್ಕೋರ್‌ಕಾರ್ಡುಗಳು ಈಗಲೂ ಮೊಬೈಲಿನಲ್ಲಿ ಸಿಗುತ್ತವೆ. ಔಟಾದವನ ಹೆಸರಿದೆ, ಬೌಲ್ ಮಾಡಿದವನ ಹೆಸರಿದೆ. ಇಬ್ಬರ ನಡುವೆ, ಸ್ಟಂಪಿನ ಮೇಲಿನ ಬೇಲ್ಸ್ ಹಾರಿಸಿದವನ ಜಾಗದಲ್ಲಿ ‘ಸಬ್’ ಎಂದಿದೆ. ಆ ಸಬ್ ನಾನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಶಾಲೆಯ ಹಾಜರಿಯಲ್ಲಿ ಅದನ್ನು ಕೂಗಿದ್ದಾರೆ, ರೇಷನ್ ಕಾರ್ಡಿನಲ್ಲಿ ಬರೆದಿದ್ದಾರೆ, ಅಕ್ಕ ಬೈಯುವಾಗ ಇಡಿಯಾಗಿ ಬಳಸುತ್ತಾಳೆ. ಕ್ರಿಕೆಟ್ಟಿನಲ್ಲಿ ಮಾತ್ರ ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ.

ಸಬ್ ಎಂದರೆ ಸಬ್‌ಸ್ಟಿಟ್ಯೂಟ್. ಆಡುತ್ತಿರುವವನಿಗೆ ಪೆಟ್ಟಾದರೆ ಅವನ ಬದಲು ಮೈದಾನಕ್ಕಿಳಿಯುವ ಹನ್ನೆರಡನೆಯವನು. ಅವನು ಬ್ಯಾಟ್ ಮಾಡುವಂತಿಲ್ಲ, ಬೌಲ್ ಮಾಡುವಂತಿಲ್ಲ. ಓಡಬಹುದು, ಹಿಡಿಯಬಹುದು, ಅಂಪೈರ್ ಒಪ್ಪಿದರೆ ಕೀಪಿಂಗ್ ಮಾಡಬಹುದು. ಮದುವೆ ಮನೆಯಲ್ಲಿ ಬಡಿಸಿದವನಿಗೆ ಗ್ರೂಪ್ ಫೋಟೋದಲ್ಲಿ ಜಾಗ ಇರುವುದಿಲ್ಲವಲ್ಲ, ಹಾಗೆ.

ನಾನು ಮರ್ಫಿ ಟೌನಿನವನು. ಹಲಸೂರು ಕಡೆಯ ಎರಡನೇ ಡಿವಿಷನ್ ಕ್ಲಬ್ಬೊಂದಕ್ಕೆ ಎರಡನೇ ಕೀಪರ್ ಆಗಿ ಸೇರಿದ್ದೆ. ಅದಕ್ಕೂ ಮೊದಲಿನ ಕ್ಲಬ್ಬುಗಳಲ್ಲೂ ಎರಡನೇ ಕೀಪರೇ. ಅದು ನನ್ನ ಕೆಲಸವಲ್ಲ, ಜನ್ಮನಕ್ಷತ್ರ. ಕಾರಣ ಗುಟ್ಟೇನಲ್ಲ: ನನ್ನ ಬ್ಯಾಟಿಂಗ್ ನೋಡಿದವರು ನಗುತ್ತಾರೆ, ನನ್ನ ಮಿಮಿಕ್ರಿ ನೋಡಿದಾಗ ನಗುವುದಕ್ಕಿಂತ ಜಾಸ್ತಿ. ಆದರೆ ಸ್ಟಂಪಿನ ಹಿಂದೆ ನಿಂತರೆ ನಾನು ಬೇರೆಯವನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಈ ಕಥೆಯಲ್ಲಿ ನನ್ನ ಪರವಾಗಿ ಹೇಳಲು ಇರುವುದು ಅದೊಂದೇ.

ಎರಡನೇ ಕೀಪರ್ ಏನು ಮಾಡುತ್ತಾನೆ ಎಂದು ಕೇಳುವವರಿದ್ದಾರೆ. ಬೆಳಗ್ಗೆ ಒಂದೇ ಸ್ಟಂಪ್ ನೆಟ್ಟು ಬೌಲರುಗಳ ಮೈ ಬಿಸಿಯಾಗುವವರೆಗೆ ಅವರ ಬಾಲ್ ಹಿಡಿಯುತ್ತಾನೆ. ಬ್ಯಾಟ್ಸ್‌ಮನ್‌ಗಳಿಗೆ ಹತ್ತಿರದಿಂದ ಬಾಲ್ ಎಸೆದು ಭುಜ ಕಳೆದುಕೊಳ್ಳುತ್ತಾನೆ. ನೀರು ಒಯ್ಯುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲನೇ ಕೀಪರಿನ ಹೊಸ ಗ್ಲೌಸ್ ಪಳಗಿಸಿ ಕೊಡುತ್ತಾನೆ. ಇದು ನಮ್ಮ ಕ್ಲಬ್ಬುಗಳಲ್ಲಿ ಹಳೆಯ ಪದ್ಧತಿ. ಹೊಸ ಕೀಪಿಂಗ್ ಗ್ಲೌಸ್ ಅಂಗಡಿಯಿಂದ ಬಂದಾಗ ರಟ್ಟಿನ ಹಾಗಿರುತ್ತದೆ. ಬಾಲ್ ಬಂದರೆ ಪುಟಿದು ಹೋಗುತ್ತದೆ. ಅಂಗೈಗೆ ಒದ್ದೆ ಬಟ್ಟೆ ಒತ್ತಬೇಕು, ಹಳೆಯ ಬಾಲನ್ನು ಕಾಲುಚೀಲಕ್ಕೆ ಹಾಕಿ ಕುಟ್ಟಬೇಕು, ಬಾಲ್ ಒಳಗಿಟ್ಟು ಸೈಕಲ್ ಟ್ಯೂಬಿನಿಂದ ಬಿಗಿದು ಮಲಗಿಸಬೇಕು. ಆಮೇಲೆ ಗೋಡೆಗೆ ಬಾಲ್ ಎಸೆದು ಹಿಡಿಯುತ್ತಲೇ ಇರಬೇಕು. ವಾರಗಳು ಕಳೆದ ಮೇಲೆ ಚರ್ಮ ಸೋಲುತ್ತದೆ, ಬಟ್ಟಲಿನ ಹಾಗೆ ಬಾಗುತ್ತದೆ. ಆಗ ಅದನ್ನು ಬಿಚ್ಚಿ ಇನ್ನೊಬ್ಬನ ಕೈಗೆ ಕೊಡಬೇಕು.

ನನ್ನ ಗೋಡೆ ಪಕ್ಕದ ಮನೆಯವರದು. ಆ ಮನೆಯ ಆಂಟಿ ಕಿಟಕಿಯಿಂದ ತಮಿಳಿನಲ್ಲಿ, “ಡೇಯ್, ಎಂಗ ಸುವರುದಾನ್ ಕಿಡೈಚ್ಚುದಾ ಉನಕ್ಕು?” ಎಂದು ದಿನಾ ಕೇಳುತ್ತಿದ್ದರು, ನಿನಗೆ ಸಿಕ್ಕಿದ್ದು ನಮ್ಮ ಗೋಡೆಯೇನಾ ಎಂದು. ನಾನು ಅವರ ಧ್ವನಿಯಲ್ಲೇ ಅದೇ ಪ್ರಶ್ನೆಯನ್ನು ಗೋಡೆಗೆ ಕೇಳುತ್ತಿದ್ದೆ. ಅವರು ನಗು ತಡೆದುಕೊಂಡು ಕಿಟಕಿ ಹಾಕುತ್ತಿದ್ದರು.

ಮಿಮಿಕ್ರಿ ನನಗೆ ಬರೀ ತರ್ಲೆಯಲ್ಲ. ಒಬ್ಬನನ್ನು ಅಣಕಿಸಬೇಕಾದರೆ ಅವನನ್ನು ಅವನಿಗಿಂತ ಚೆನ್ನಾಗಿ ನೋಡಬೇಕು. ನಮ್ಮ ಲೆಗ್ ಸ್ಪಿನ್ನರ್ ಶಿವಾಜಿನಗರದವನು, ಮನೆಯವರದು ಪರದೆ ಬಟ್ಟೆಯ ವ್ಯಾಪಾರ. ಅವನ ಓಟವನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಮಾಡಿ ತೋರಿಸುವಾಗ ನಾನು ಎಡಗೆನ್ನೆ ಉಬ್ಬಿಸಿದೆ. ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ. ಹೊರಗೆ ಎಳೆದುಕೊಂಡು ಹೋದ.

“ಕೆನ್ನೆ ಯಾಕ್ ಉಬ್ಬಿಸ್ದೆ ಮಿಯಾ?”

“ಗೂಗ್ಲಿ ಹಾಕೋವಾಗ ನೀನು ಉಬ್ಬಿಸ್ತೀಯಲ್ಲ. ನಾಲಿಗೆ ಒಳಗಿಂದ ತಳ್ತೀಯ.”

ಅವನು ತನ್ನ ಕೆನ್ನೆ ಮುಟ್ಟಿಕೊಂಡು ನೋಡಿದ. ಅವನಿಗೇ ಗೊತ್ತಿರಲಿಲ್ಲ. ಲೆಗ್ ಸ್ಪಿನ್ ಎಂದರೆ ಬಾಲ್ ಬ್ಯಾಟ್ಸ್‌ಮನ್ನಿನಿಂದ ಆಚೆ ತಿರುಗುತ್ತದೆ. ಗೂಗ್ಲಿ ಅದೇ ಕೈಯಿಂದ ಬಂದು ಒಳಕ್ಕೆ ನುಗ್ಗುತ್ತದೆ. ಯಾವುದು ಬರುತ್ತದೆ ಎಂದು ಕೀಪರಿಗೂ ತಿಳಿಯದಿದ್ದರೆ ಅವನು ಒಂದು ಕಡೆ, ಬಾಲ್ ಇನ್ನೊಂದು ಕಡೆ.

“ಯಾರ್‌ಗೂ ಹೇಳ್ಬೇಡ. ನಕ್ಕೋ ಬಾಬಾ, ಕಿಸೀಕೋ ನಕ್ಕೋ,” ಎಂದ. ನಾನು ಹೇಳಲಿಲ್ಲ. ಅವತ್ತಿನಿಂದ ಅವನ ಗೂಗ್ಲಿ ನಮ್ಮಿಬ್ಬರ ಆಸ್ತಿ.

ಮೊದಲನೇ ಕೀಪರ್ ಇಂದಿರಾನಗರದ ಹುಡುಗ, ನಮ್ಮ ಓಪನಿಂಗ್ ಬ್ಯಾಟ್ಸ್‌ಮನ್. ಅವನ ಕವರ್ ಡ್ರೈವ್ ನೋಡಿದರೆ ವೈರಿಯೂ ತಲೆಯಾಡಿಸುತ್ತಾನೆ. ಒಳ್ಳೆಯವನು ಬೇರೆ, ತಾನು ತಂದ ಡಬ್ಬಿ ಎಲ್ಲರಿಗೂ ಹಂಚುತ್ತಿದ್ದ. ಅವನ ಮೇಲೆ ಕೋಪ ಮಾಡಿಕೊಳ್ಳುವುದಕ್ಕೆ ಅದೇ ದೊಡ್ಡ ಅಡ್ಡಿ. ಗೌರಿ ಹಬ್ಬಕ್ಕೆ ಮುಂಚಿನ ಒಂದು ಮ್ಯಾಚಿನಲ್ಲಿ ಅವನ ಎಡಗೈ ಉಂಗುರ ಬೆರಳಿನ ತುದಿಗೆ ಬಾಲ್ ನೇರವಾಗಿ ಬಡಿಯಿತು. ನಿಜವಾದ ಪೆಟ್ಟು. ನಾನು ಒಳಗೆ ಹೋದೆ. ಅಂಪೈರ್ ಒಪ್ಪಿದರು. ಲೆಗ್ ಸ್ಪಿನ್ನರ್ ಓಡಿ ಬಂದ, ಕೆನ್ನೆ ಉಬ್ಬಿತು, ನಾನು ಲೆಗ್ ಕಡೆಗೆ ಸರಿದೆ. ಬ್ಯಾಟ್ಸ್‌ಮನ್ ಗೆರೆ ದಾಟಿ ಮುಂದೆ ನುಗ್ಗಿ ತಪ್ಪಿದ. ಬೇಲ್ಸ್ ಹಾರಿಸಿದೆ. ಸ್ಪಿನ್ನರ್ ಬಂದು ನನ್ನ ಹೆಲ್ಮೆಟ್ಟಿಗೆ ಮುತ್ತು ಕೊಟ್ಟ. ಆ ಮ್ಯಾಚಿನಲ್ಲೇ ಇನ್ನೊಂದು ಸ್ಟಂಪಿಂಗ್, ಒಂದು ಕ್ಯಾಚು.

ಆಮೇಲೆ ಮೊದಲನೇ ಕೀಪರ್ ಬೆರಳಿಗೆ ಟೇಪ್ ಸುತ್ತಿಕೊಂಡು ಬ್ಯಾಟ್ ಮಾಡಿ ನಮ್ಮನ್ನು ಗೆಲ್ಲಿಸಿದ. ಬ್ಯಾಟ್ ಹಿಡಿಯುವುದಕ್ಕೆ ಆ ಬೆರಳು ಅಷ್ಟಾಗಿ ಬೇಕಾಗುವುದಿಲ್ಲ. ಬಾಲ್ ಹಿಡಿಯುವುದಕ್ಕೆ ಬೇಕು.

ಅವತ್ತು ಸಂಜೆ ಕೋಚ್ ತಲೆಯಲ್ಲಿ ದೀಪ ಹತ್ತಿತು. ನಮ್ಮ ಕೋಚ್ ಎಲ್ಲರನ್ನೂ ‘ರಾಜ’ ಎಂದೇ ಕರೆಯುತ್ತಾರೆ. ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ತಪ್ಪುತ್ತದೆ. ಗಂಟಲು ಕೆರೆದುಕೊಂಡು ಹೇಳಿದರು: “ಇಲ್ನೋಡು ರಾಜ. ಇವ್ನ ಬ್ಯಾಟು, ನಿನ್ನ ಕೈ. ಎರಡೂ ನಮ್ಗೆ ಬೇಕು.”

“ಇಬ್ರನ್ನೂ ಹನ್ನೊಂದ್ರಲ್ಲಿ ಹಾಕಿ ಸಾರ್.”

“ಹಾಕಿದ್ರೆ ಒಬ್ಬ ಬೌಲರ್ ಕಮ್ಮಿ ಆಗ್ತಾನಲ್ಲ ರಾಜ.”

ಉಪಾಯ ಸರಳವಾಗಿತ್ತು. ಮೊದಲನೇ ಕೀಪರ್ ಹೆಸರು ಹನ್ನೊಂದರಲ್ಲಿ. ಮೊದಲ ಓವರಿನಲ್ಲೇ ಅವನಿಗೆ ‘ಪೆಟ್ಟು’. ನಾನು ಒಳಗೆ. ಬ್ಯಾಟಿಂಗ್ ಬಂದಾಗ ಅವನು ಟೇಪ್ ಸುತ್ತಿಕೊಂಡು ಓಪನಿಂಗ್. ಹನ್ನೊಂದು ಜನರ ಆಟವನ್ನು ಹನ್ನೆರಡು ಜನ ಆಡುವುದು. ಒಂದು ತೊಡಕಿತ್ತು: ಪೆಟ್ಟು ಆ ಮ್ಯಾಚಿನಲ್ಲೇ ಆಗಿರಬೇಕು, ಅದೂ ಬಾಲ್ ಬಡಿದು ಆಗಿರಬೇಕು. ಸುಮ್ಮನೆ ಮೈಕೈ ನೋವು ಎಂದು ಹೊರಗೆ ಹೋದವನು ಅಷ್ಟೇ ಹೊತ್ತು ಕಾದು ಆಮೇಲೆ ಬ್ಯಾಟಿಂಗಿಗೆ ಬರಬೇಕೆಂಬ ನಿಯಮ. ಬಾಲ್ ಬಡಿದವನು ಕಾಯಬೇಕಿಲ್ಲ. ಆದ್ದರಿಂದ ನಟನೆ ಬೇಕಾಯಿತು.

ನಟನೆ ಕಲಿಸಬೇಕಾದವನು ಯಾರು? ಟೀಮಿನಲ್ಲಿ ಮಿಮಿಕ್ರಿ ಬರುತ್ತಿದ್ದವನು ಒಬ್ಬನೇ.

ಇಂದಿರಾನಗರದ ಹುಡುಗ ನಟನೆಯಲ್ಲಿ ನನ್ನ ಬ್ಯಾಟಿಂಗಿಗಿಂತ ಕಡೆ. ಮೊದಲ ರಿಹರ್ಸಲ್ಲಿನಲ್ಲಿ ಬಾಲ್ ಎಡಗೈಗೆ ಬಡಿದರೆ ಬಲಗೈ ಹಿಡಿದುಕೊಂಡು ಕುಣಿದ.

“ಬ್ರೋ, ಇದು ಸೊಳ್ಳೆ ಕಚ್ಚಿದ್ದಲ್ಲ,” ಎಂದೆ. “ನಿಜವಾಗ್ಲೂ ಪೆಟ್ಟಾದೋನು ಕೂಗಲ್ಲ. ಮೊದ್ಲು ಸುಮ್ನಾಗ್ತಾನೆ. ಗ್ಲೌಸ್ ಬಿಚ್ಚಲ್ಲ, ಹೆದ್ರಿಕೆ. ಕೈನ ಕಂಕುಳಲ್ಲಿ ಇಟ್ಕೊಂಡು ಒಂದು ಸುತ್ತು ನಡೀತಾನೆ.”

ಮಾಡಿ ತೋರಿಸಿದೆ. ಎಷ್ಟು ಚೆನ್ನಾಗಿ ಮಾಡಿದೆನೆಂದರೆ ಕೋಚ್ “ಏಯ್, ನಿಜವಾಗ್ಲೂ ಬಿತ್ತೇನೋ?” ಎಂದು ಓಡಿ ಬಂದರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನು ಬಾಗಿ ನಮಸ್ಕಾರ ಮಾಡಿದೆ. ನನ್ನನ್ನೇ ಸ್ಕೋರ್‌ಕಾರ್ಡಿನಿಂದ ಅಳಿಸಿ ಹಾಕುವ ನಾಟಕಕ್ಕೆ ನಾನೇ ನಿರ್ದೇಶಕ. ಇದಕ್ಕಿಂತ ದೊಡ್ಡ ಪೆದ್ದನ ಮಿಮಿಕ್ರಿ ಮಾಡಬೇಕೆಂದರೆ ನನಗೆ ಯಾರೂ ಸಿಗುವುದಿಲ್ಲ.

ಆಗ ಹಾಗೆ ಅನ್ನಿಸಲಿಲ್ಲ. ಕೋಚ್ ಮಾತು ಕೊಟ್ಟಿದ್ದರು: “ಕೊನೇ ಮ್ಯಾಚಿಗೆ ನೀನೇ ರಾಜ. ವಲಯದ ಸೆಲೆಕ್ಟರ್ ಬರ್ತಾರೆ. ಹನ್ನೊಂದ್ರಲ್ಲಿ ನಿನ್ನ ಹೆಸರು, ನನ್ನ ಮಾತು.” ವಲಯ ಕ್ಯಾಂಪಿಗೆ ಕೀಪರ್ ಹುಡುಕುತ್ತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಹೋದವನನ್ನು ಮೊದಲನೇ ಡಿವಿಷನ್ನಿನವರು ಕರೆಯುತ್ತಾರೆ. ಆಡಿಲ್ಲದವನನ್ನು ಯಾರು ಕರೆಯುತ್ತಾರೆ? ಒಂದೇ ಒಂದು ಮ್ಯಾಚಿನಲ್ಲಿ ನನ್ನ ಹೆಸರು ಬೀಳಬೇಕಿತ್ತು. ಅಷ್ಟಕ್ಕೋಸ್ಕರ ಸೀಸನ್ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದೆ. ನನ್ನಂಥ ಬಾಯಿಬಡುಕನಿಗೆ ಅದು ಎಂಥ ಶಿಕ್ಷೆ ಎಂದು ಪಕ್ಕದ ಮನೆಯ ಗೋಡೆಯನ್ನು ಕೇಳಿ.

ಹೆಚ್ಚುಕಮ್ಮಿ ಪ್ರತಿ ಮ್ಯಾಚಿಗೂ ಬೇರೆ ಬೇರೆ ಅಂಪೈರುಗಳು ಬರುವುದರಿಂದ ನಾಟಕ ನಡೆಯಿತು. ಮೊದಲ ಓವರ್, ಕಂಕುಳಲ್ಲಿ ಕೈ, ಒಂದು ಸುತ್ತು ನಡಿಗೆ, ನಾನು ಒಳಗೆ. ಸ್ಟಂಪ್ಡ್ ಸಬ್. ಕ್ಯಾಚ್ ಸಬ್. ಮತ್ತೆ ಸ್ಟಂಪ್ಡ್ ಸಬ್. ಗೆಲ್ಲುತ್ತ ಹೋದೆವು. ಫೋಟೋಕ್ಕೆ ನಿಲ್ಲುವಾಗ ಹನ್ನೊಂದು ಜನ. ಫೋಟೋ ತೆಗೆಯುವವನು ನಾನು.

ಅಕ್ಕ ಕಮ್ಮನಹಳ್ಳಿಯ ಬೇಕರಿಯೊಂದರಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿರುತ್ತಾಳೆ. ಲೆಕ್ಕದಲ್ಲಿ ಪೊಲೀಸು. ಒಂದು ಭಾನುವಾರ ಮೊಬೈಲ್ ಹಿಡಿದುಕೊಂಡು ಎದುರಿಗೆ ಕೂತಳು.

“ನಿನ್ನೆ ಮ್ಯಾಚ್ ಅಂದೆ.”

“ಹೂಂ.”

“ಮಧ್ಯಾಹ್ನ ಪೂರ್ತಿ ಕೀಪಿಂಗ್ ಮಾಡ್ದೆ ಅಂದೆ. ಮಂಡಿ ತೋರ್ಸಿ ಬಿಸಿನೀರು ಹಾಕಿಸ್ಕೊಂಡೆ.”

“ಹೂಂ ಕಣೇ.”

“ಇದ್ರಲ್ಲಿ ನಿನ್ನ ಹೆಸ್ರೇ ಇಲ್ವಲ್ಲೋ. ನಿಜ ಹೇಳು, ದಿನಾ ಎಲ್ಲಿಗ್ ಹೋಗ್ತೀಯ? ಯಾವಳಾದ್ರೂ ಇದ್ರೆ ಹೇಳ್ಬಿಡು, ನಾನು ಬೈಯಲ್ಲ.”

ಸಬ್ ಎಂದರೆ ನಾನೇ ಎಂದು ತೋರಿಸಿದೆ. ಅವಳು ಹಿಂದಿನ ಕಾರ್ಡುಗಳನ್ನೂ ಒಂದೊಂದಾಗಿ ತೆರೆದು ನೋಡಿದಳು. ಆಮೇಲೆ ಹೇಳಿದಳು: “ನಮ್ಮ ಅಂಗ್ಡೀಲಿ ಒಂದು ಪಫ್ ಮಾರಿದ್ರೂ ಬಿಲ್ಲಲ್ಲಿ ಯಾರು ಮಾರಿದ್ರು ಅಂತ ಹೆಸರು ಬರತ್ತೆ ಕಣೋ.” ಅವಳು ತಮಾಷೆ ಮಾಡಲಿಲ್ಲ. ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆವರೆಗೆ ಒಳಗೆ ಬೂದಿ ಮುಚ್ಚಿಕೊಂಡಿದ್ದದ್ದು ಅವತ್ತು ಹೊತ್ತಿಕೊಂಡಿತು.

ಕೊನೆಯ ಮ್ಯಾಚ್ ಕೆ.ಆರ್.ಪುರದ ಕಡೆ, ರೈಲ್ವೆ ಹಳಿಯ ಪಕ್ಕದ ಮೈದಾನದಲ್ಲಿ. ಅಲ್ಲಿ ಹುಲ್ಲಿನ ಪಿಚ್ ಇಲ್ಲ. ಗಟ್ಟಿ ನೆಲದ ಮೇಲೆ ನಾರಿನ ಮ್ಯಾಟ್ ಎಳೆದು ಕಟ್ಟಿ ಅಂಚಿಗೆ ಮೊಳೆ ಹೊಡೆದಿರುತ್ತಾರೆ. ಮ್ಯಾಟಿನ ಮೇಲೆ ಸ್ಪಿನ್ ಜಾಸ್ತಿ ತಿರುಗುತ್ತದೆ, ಎದೆಯವರೆಗೆ ಏಳುತ್ತದೆ. ಕೀಪರ್ ಆತುರಪಟ್ಟು ಎದ್ದರೆ ಬಾಲ್ ಕೆಳಗಿನಿಂದ ಹೋಗುತ್ತದೆ, ತಡಮಾಡಿದರೆ ಮೂಗು ಹೋಗುತ್ತದೆ. ಅದಕ್ಕಾಗಿ ಒಂದು ವಾರ ಪಕ್ಕದ ಮನೆಯ ಗೋಡೆಯ ಬುಡದಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ಬಾಲ್ ಪುಟಿಸಿ ಅಭ್ಯಾಸ ಮಾಡಿದ್ದೆ. ಮೊದಲನೇ ಕೀಪರಿಗೆಂದು ಪಳಗಿಸಿದ ಆ ಸೀಸನ್ನಿನ ಗ್ಲೌಸ್ ಅಷ್ಟರಲ್ಲಿ ನನ್ನ ಕೈಗೇ ಕೂತಿತ್ತು.

ಹೊಂಗೆ ಮರದ ಕೆಳಗೆ ಕೋಚ್ ಹನ್ನೊಂದು ಹೆಸರು ಓದಿದರು. ಓದಿ ಮುಗಿಸಿ ನೀರು ಕುಡಿದರು. ನಾನು ಕಾದೆ, ಹನ್ನೆರಡನೇ ಹೆಸರೂ ಹನ್ನೊಂದರಲ್ಲಿ ಬರುತ್ತದೇನೋ ಎನ್ನುವ ಹಾಗೆ.

“ಸಾರ್, ನಂದು?”

ಗಂಟಲು ಕೆರೆದರು. “ಇಲ್ನೋಡು ರಾಜ. ಇದು ಗೆದ್ರೆ ನಾವು ಮೊದಲನೇ ಡಿವಿಷನ್ನಿಗೆ. ರಿಸ್ಕ್ ತಗೊಳಕ್ಕಾಗಲ್ಲ. ಇದೊಂದ್ಸಲ ಅದೇ ಥರ ಮಾಡ್ಬಿಡೋಣ. ಮುಂದಿನ ಸೀಸನ್ ನೀನೇ.”

“ಸೆಲೆಕ್ಟರ್ ಬಂದಿದಾರೆ ಸಾರ್.”

“ಅವ್ರು ನೋಡ್ತಾರೆ ಬಿಡು. ಮೈದಾನದಲ್ಲಿ ಇರ್ತೀಯಲ್ಲ.”

“ನಾನು ಇಳಿಯಲ್ಲ ಸಾರ್.”

“ಏನಂದೆ?”

“ಹೆಸರು ಬರೀರಿ, ಇಳೀತೀನಿ. ಬರೀದಿದ್ರೆ ಅವ್ನೇ ಕೀಪ್ ಮಾಡ್ಲಿ.”

ಯಾರೋ ಕಿಸಕ್ಕೆಂದರು, ನಾನು ಕೋಚ್ ಮಿಮಿಕ್ರಿಯ ಹೊಸ ಐಟಂ ಶುರು ಮಾಡಿದೆ ಎಂದುಕೊಂಡು. ಜೋಕರ್ ಆಗಿರುವುದರ ದಂಡ ಇದು: ಕೋಪ ಬಂದಾಗಲೂ ಜನ ನಗುವುದಕ್ಕೆ ತಯಾರಾಗಿರುತ್ತಾರೆ. ಕೋಚ್ ಕೂಡ ನಂಬಲಿಲ್ಲ. ನನ್ನ ಬೆನ್ನು ತಟ್ಟಿ ಹೆಸರುಗಳನ್ನು ಅಂಪೈರಿಗೆ ಕೊಡಲು ಹೋದರು. ಟಾಸ್ ಸೋತೆವು, ಫೀಲ್ಡಿಂಗ್.

ನಾನು ಪಳಗಿಸಿದ ಗ್ಲೌಸ್ ಹಾಕಿಕೊಂಡು ಮೊದಲನೇ ಕೀಪರ್ ಇಳಿದ. ನಾನು ಪ್ಯಾಡ್ ಕಟ್ಟಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬೌಂಡರಿಯ ಪಕ್ಕ ಕೂತೆ.

ಮೊದಲ ಓವರಿನಲ್ಲೇ ಬಾಲ್ ಅವನ ಪ್ಯಾಡಿಗೆ ತಗುಲಿತು. ಅವನು ಸುಮ್ಮನಾದ. ಗ್ಲೌಸ್ ಬಿಚ್ಚಲಿಲ್ಲ. ಕೈಯನ್ನು ಕಂಕುಳಲ್ಲಿಟ್ಟುಕೊಂಡು ಒಂದು ಸುತ್ತು ನಡೆದ. ಶಿಷ್ಯ ಗುರುವನ್ನು ಮೀರಿಸಿದ್ದ. ನಮ್ಮವರೆಲ್ಲ ನನ್ನ ಕಡೆ ತಿರುಗಿದರು. ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ.

ಕೋಚ್ ಓಡಿ ಬಂದರು. “ಏಳು ರಾಜ.”

“ಏಳಲ್ಲ.”

“ಏಯ್, ಆಟ ಆಡ್ತಿದೀಯಾ?”

“ಇಲ್ಲ ಸಾರ್. ಆಡ್ತಿಲ್ಲ. ಲಿಸ್ಟ್ ನೋಡಿ.”

ಅಷ್ಟರಲ್ಲಿ ಹಿರಿಯ ಅಂಪೈರ್ ನಿಧಾನವಾಗಿ ನಡೆದು ಬಂದರು. ಸೀಸನ್ನಿನ ನಡುವಿನ ಒಂದು ಮ್ಯಾಚಿನಲ್ಲೂ ಅವರೇ ನಿಂತಿದ್ದರು. ಔಟ್ ಕೊಡುವ ಮೊದಲು ಬೆರಳನ್ನು ಅರ್ಧ ಎತ್ತಿ ಯೋಚಿಸುವ ಅವರ ಭಂಗಿಯನ್ನು ನಾನು ಎಷ್ಟೋ ಸಲ ಮಾಡಿ ತೋರಿಸಿದ್ದೆ.

“ಬಾಪ್ಪ ಇಲ್ಲಿ, ಹನ್ನೆರಡ್ನೇವ್ನೆ. ಇದೇ ಬೆರಳು, ಇದೇ ಮೊದಲ್ನೇ ಓವರು. ಹಿಂದೆ ಒಂದ್ಸಲ ನಾನೇ ನೋಡಿದೀನಿ. ಈ ಪೆಟ್ಟು ಯಾವತ್ತಿಂದು?”

ಕೋಚ್ ಬಾಯಿ ಹಾಕಿದರು: “ಸಾರ್, ಈಗ್ಲೇ, ನೀವೇ ನೋಡಿದ್ರಲ್ಲ...”

“ನಿಮ್ಮನ್ ಕೇಳ್ಲಿಲ್ಲ. ಇವ್ನನ್ ಕೇಳ್ದೆ.”

ಉಪಾಯವಾಗಿ ಹೇಳಲು ನೂರು ಮಾತುಗಳಿದ್ದವು. ‘ನಾನು ನೋಡ್ಲಿಲ್ಲ ಸಾರ್’ ಎಂದರೆ ಸಾಕಿತ್ತು. ಅಥವಾ ಎದ್ದು ಪ್ಯಾಡ್ ಕಟ್ಟಿದ್ದರೂ ಆಗುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ, ನನ್ನನ್ನು ಬಿಟ್ಟು. ಇಂದಿರಾನಗರದ ಹುಡುಗ ದೂರದಿಂದ ನನ್ನನ್ನೇ ನೋಡುತ್ತಿದ್ದ.

“ಗೌರಿ ಹಬ್ಬಕ್ಕಿಂತ ಮುಂಚಿಂದು ಸಾರ್,” ಎಂದೆ. “ಇವತ್ತಿನ ಬಾಲು ಪ್ಯಾಡಿಗೆ ತಾಗಿದ್ದು.”

ಕ್ರೀಸಿನಲ್ಲಿದ್ದ ಎದುರಾಳಿ ಕ್ಯಾಪ್ಟನ್ ಅಷ್ಟು ಹೊತ್ತಿಗೆ ಮಾತು ಕೇಳಲು ಹತ್ತಿರ ಬಂದಿದ್ದ. ಕೆ.ಆರ್.ಪುರದ ಹಳೇ ಊರಿನವನು. ಮನೆಯವರದು ಹಿಂದೆ ಹೂಕೋಸಿನ ಹೊಲ, ಈಗ ಬಾಡಿಗೆ ಮನೆಗಳ ಸಾಲು. “ಅಯ್ಯಯ್ಯಪ್ಪಾ!” ಎಂದ. “ಗೌರಮ್ಮನ್ನ ಬಿಟ್ಟು ಎಷ್ಟ್ ದಿನಾಯ್ತು, ಪೆಟ್ಟು ಇನ್ನೂ ಇಲ್ಲೇ ಕೂತೈತೆ!”

ಅಂಪೈರ್ ನಗಲಿಲ್ಲ. “ಹೊರ್ಗೆ ಹೋಗೋದಾದ್ರೆ ಹೋಗ್ಲಿ. ಬದಲಿಗೆ ಯಾರೂ ಬರಂಗಿಲ್ಲ,” ಎಂದು ವಾಪಸ್ ನಡೆದರು.

ನಮ್ಮ ಟೀಮಿನಲ್ಲಿ ಕೀಪಿಂಗ್ ಬರುತ್ತಿದ್ದದ್ದು ಇಬ್ಬರಿಗೇ. ಒಬ್ಬ ಕುರ್ಚಿಯ ಮೇಲೆ. ಇನ್ನೊಬ್ಬ ಆ ಬೆರಳಿನಲ್ಲೇ ಸ್ಟಂಪಿನ ಹಿಂದೆ ಹೋಗಿ ಕೂತ. ವೇಗದ ಬೌಲರುಗಳಿರುವವರೆಗೆ ದೂರ ನಿಂತು ಹೇಗೋ ತಳ್ಳಿದ. ಪ್ರತಿ ಬಾಲಿಗೂ ಅವನ ಭುಜ ಕುಗ್ಗುವುದು ನನಗೆ ಕಾಣುತ್ತಿತ್ತು. ಗ್ಲೌಸ್ ಕೂಡ ಅವನ ಮಾತು ಕೇಳಲಿಲ್ಲ. ಅವನ ಬೆರಳುಗಳು ನನ್ನವಕ್ಕಿಂತ ಗಿಡ್ಡ. ನನ್ನ ಕೈಯ ಗುಂಡಿಗೆ ಬಾಗಿದ್ದ ಚರ್ಮ ಅವನ ಬೆರಳ ತುದಿಯಲ್ಲಿ ಟೊಳ್ಳಾಗಿ ಮಡಚುತ್ತಿತ್ತು. ಬಾಲ್ ಬಟ್ಟಲಿಗೆ ಬೀಳದೆ ಅಂಚಿಗೆ ಬಡಿಯುತ್ತಿತ್ತು. ಹಿಂದಿನ ಮ್ಯಾಚುಗಳಲ್ಲಿ ಒಂದೊಂದೇ ಓವರ್ ಹಾಕಿಕೊಂಡವನಿಗೆ ಇದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ಆಮೇಲೆ ಲೆಗ್ ಸ್ಪಿನ್ನರ್ ಬಂದ.

ಅಷ್ಟು ದೂರದಿಂದ ಕೆನ್ನೆ ಕಾಣುವುದಿಲ್ಲ. ಆದರೆ ಅವನ ಓಟವನ್ನು ನನ್ನ ಕಾಲುಗಳೇ ಬಲ್ಲವು. ಗೂಗ್ಲಿ ಎಂದು ಗೊತ್ತಾಗಿ ಕುರ್ಚಿಯಲ್ಲೇ ಎಡಕ್ಕೆ ವಾಲಿದೆ. ಎದುರಾಳಿ ಕ್ಯಾಪ್ಟನ್ ಮುಂದೆ ನುಗ್ಗಿ ಬೀಸಿದ, ತಪ್ಪಿದ. ಗೆರೆಯಿಂದ ಎರಡು ಮಾರು ಆಚೆ ಇದ್ದ. ನಮ್ಮ ಕೀಪರ್ ಆಫ್ ಕಡೆಗೆ ಸರಿದಿದ್ದ. ಬಾಲ್ ಲೆಗ್ ಕಡೆಯಿಂದ ಹಾರಿ ಬೌಂಡರಿಗೆ ಹೋಯಿತು. ನಾಲ್ಕು ಬೈ, ಬ್ಯಾಟಿಗೆ ತಾಗದೆಯೇ ಅವರಿಗೆ ನಾಲ್ಕು ರನ್. ಸ್ಪಿನ್ನರ್ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತ. ಕೀಪರಿನ ಕಡೆ ಅಲ್ಲ, ನನ್ನ ಕಡೆ ನೋಡುತ್ತ.

ಇದು ಮತ್ತೆ ಮತ್ತೆ ಆಯಿತು. ಕೆ.ಆರ್.ಪುರದ ಕ್ಯಾಪ್ಟನ್ ಸಿಕ್ಕ ಜೀವದಾನಗಳನ್ನೆಲ್ಲ ಬಡ್ಡಿ ಸಮೇತ ಬಳಸಿಕೊಂಡ. ನಮ್ಮ ಸ್ಪಿನ್ನರ್ ಕೊನೆಗೆ ಗೂಗ್ಲಿ ಹಾಕುವುದನ್ನೇ ಬಿಟ್ಟುಬಿಟ್ಟ. ಅದನ್ನು ನೋಡುವುದು ಕಷ್ಟವಾಯಿತು. ಕೈ ತುರಿಸುತ್ತಿತ್ತು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತೆ. ಹೌದು, ಅಕ್ಷರಶಃ ಕೂತೆ. ನನ್ನ ಸಿಟ್ಟಿನ ಭಂಗಿ ಅದು. ಬೇಕಾದರೆ ಯಾರಾದರೂ ಮಿಮಿಕ್ರಿ ಮಾಡಿಕೊಳ್ಳಲಿ.

ಸೋತೆವು. ಕೋಚ್ ನನ್ನನ್ನು ಏನೇನು ಬೈದರೆಂದು ಬರೆದರೆ ಅಚ್ಚು ಹಾಕುವವರು ಒಪ್ಪುವುದಿಲ್ಲ. ಮೊದಲ ಬಾರಿಗೆ ರಾಜ ಎನ್ನಲಿಲ್ಲ ಎಂದಷ್ಟೇ ಹೇಳುತ್ತೇನೆ. ಇಂದಿರಾನಗರದ ಹುಡುಗ ಊದಿದ ಬೆರಳನ್ನು ಐಸಿನಲ್ಲಿ ಅದ್ದಿಕೊಂಡು ಕೂತಿದ್ದ. ಗ್ಲೌಸನ್ನು ನನ್ನ ಕಾಲ ಬಳಿ ಎಸೆದ. “ತಗೋ ಬ್ರೋ. ಇದು ನನ್ನ ಕೈಗೆ ಯಾವತ್ತೂ ಆಗಲ್ಲ. ನೀನು ಮೊದ್ಲೇ ಹೇಳ್ಬೋದಿತ್ತು.”

“ಏನಂತ?”

“ನಿಂಗೆ ಇಷ್ಟು ಉರೀತಿದೆ ಅಂತ.”

“ಕೇಳ್ಬೋದಿತ್ತು ನೀನು.”

ಅವನು ಬೆರಳನ್ನು ಇನ್ನಷ್ಟು ಐಸಿನೊಳಗೆ ತಳ್ಳಿದ. ಗ್ಲೌಸ್ ಎತ್ತಿಕೊಂಡೆ. ಸ್ವಾಭಿಮಾನ ತೋರಿಸಲು ಬಿಟ್ಟು ಬರಬಹುದಿತ್ತು. ಅಷ್ಟು ಸ್ವಾಭಿಮಾನ ನನಗಿಲ್ಲ, ಗ್ಲೌಸ್ ಚೆನ್ನಾಗಿತ್ತು.

ಸ್ಪಿನ್ನರ್ ಬೈಕ್ ಹತ್ತಿರ ಸಿಕ್ಕ. ಅವನೂ ಆ ಸೆಲೆಕ್ಟರಿಗಾಗಿ ಕಾದಿದ್ದವನು.

“ನಿನ್ನ ಕೋಪ ಸರಿ ಮಿಯಾ,” ಎಂದ. “ಅವ್ರು ಮಾಡಿದ್ದು ತಪ್ಪು. ಆದ್ರೆ ನನ್ನ ಬಾಲ್ ಏನ್ ಮಾಡಿತ್ತು ನಿಂಗೆ?”

ಬೇರೆಯವರ ಮೇಲಿನ ಸಿಟ್ಟಿಗೆ ನಾನು ಅವನ ದಿನವನ್ನು ಸುಟ್ಟಿದ್ದೆ. ಹಾಗೆಂದು ಆ ಕುರ್ಚಿಯಿಂದ ಎದ್ದಿರಬೇಕಿತ್ತು ಎಂದೂ ಅನ್ನಿಸುವುದಿಲ್ಲ. ಎರಡೂ ನಿಜ, ಎರಡೂ ಚುಚ್ಚುತ್ತವೆ.

ಅವನು ಗಾಡಿ ಒದ್ದು ಹೊರಟ. ಅಷ್ಟರಲ್ಲಿ ಸೆಲೆಕ್ಟರ್ ತಮ್ಮ ಸ್ಕೂಟರಿನ ಕಡೆ ಬರುತ್ತಿದ್ದವರು ನನ್ನನ್ನು ನೋಡಿ ನಿಂತರು.

“ಆ ಸಬ್ಬು ನೀನೇನಾ?”

“ಹೌದು ಸಾರ್.”

“ಇವ್ರ ಕಾರ್ಡಲ್ಲೆಲ್ಲಾ ಬರೀ ಸ್ಟಂಪ್ಡ್ ಸಬ್, ಸ್ಟಂಪ್ಡ್ ಸಬ್. ಯಾರಪ್ಪಾ ಈ ಸಬ್ಬು, ನೋಡೋಣ ಅಂತಾನೇ ಇವತ್ತು ಬಂದೆ. ನೀನು ನೋಡಿದ್ರೆ ಕುರ್ಚಿ ಬಿಟ್ಟು ಏಳ್ಲಿಲ್ಲ.” ನಾಲಿಗೆಯಲ್ಲಿ ಚ್ಚು ಎಂದರು. “ಅವಕಾಶ ಕಳ್ಕೊಂಡೆ.”

ಅಳು ಬರಬೇಕಿತ್ತು. ಬಂದದ್ದು ಸಿಟ್ಟು, ಅವತ್ತಿನದಕ್ಕೆಲ್ಲ ಕಲಶವಿಟ್ಟಂಥ ಸಿಟ್ಟು.

“ಸಾರ್, ಅಷ್ಟು ಸಲ ಕಂಡಿತ್ತಲ್ಲ. ಒಂದು ಫೋನ್ ಮಾಡಿ ಇವ್ನ ಹೆಸರೇನು ಅಂತ ಕೇಳ್ಬೋದಿತ್ತಲ್ವಾ?”

“ಅದು ನನ್ನ ಕೆಲ್ಸ ಅಲ್ಲಪ್ಪ.”

ಸ್ಕೂಟರ್ ಹತ್ತಿ ಹೋದರು. ಆಗಲೂ ಹೆಸರು ಕೇಳಲಿಲ್ಲ. ‘ಅವಕಾಶ ಕಳ್ಕೊಂಡೆ’ ಎಂಬ ಆ ಒಂದು ವಾಕ್ಯವನ್ನು, ಅದೇ ಚ್ಚು ಸಮೇತ, ನಾನು ಅವರ ಧ್ವನಿಯಲ್ಲಿ ಪಕ್ಕಾ ಹೇಳಬಲ್ಲೆ. ಎಲ್ಲೂ ಮಾಡಿ ತೋರಿಸಿಲ್ಲ. ನಗಿಸಲಾಗದ ಮಿಮಿಕ್ರಿ ನನ್ನ ಹತ್ತಿರ ಇರುವುದು ಅದೊಂದೇ. ಕೋಚಿಗೆ ಗೊತ್ತಿತ್ತು, ಟೀಮಿಗೆ ಗೊತ್ತಿತ್ತು, ಅಂಪೈರಿಗೆ ಅನುಮಾನವಿತ್ತು, ಇವರಿಗೆ ಕುತೂಹಲವಿತ್ತು. ಇಷ್ಟೆಲ್ಲ ಜನರಿಗೆ ತಿಳಿದಿದ್ದ ಒಬ್ಬ ಮನುಷ್ಯನ ಹೆಸರನ್ನು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಮೈದಾನದ ಗೇಟಿನಲ್ಲಿ ಕೆ.ಆರ್.ಪುರದ ಕ್ಯಾಪ್ಟನ್ ಬಾಳೆಹಣ್ಣು ತಿನ್ನುತ್ತ ನಿಂತಿದ್ದ. ನನಗೂ ಒಂದು ಕೊಟ್ಟ.

“ನಮ್ ಕೀಪರು ಮದ್ವೆ ಮಾಡ್ಕೊಂಡು ಹೊಸಕೋಟೆಗೆ ಹೊಂಟವ್ನೆ. ಬರ್ತೀಯೇನಪ್ಪ ನಮ್ ಕಡೀಕೆ?”

“ಹನ್ನೊಂದ್ರಲ್ಲಾ?”

“ಹೂಂಕಣಪ್ಪ, ಹನ್ನೊಂದ್ರಲ್ಲೇ. ಆದ್ರೆ ಒಂದ್ ಕಂಡೀಷನ್ನು. ನಮ್ಮೋರ್ ಬೆರಳಿನ್ ಇಸ್ಯ ಅಂಪೈರ್ ಹತ್ರ ಬಾಯ್ ಬಿಡಂಗಿಲ್ಲ.” ಹೇಳಿ ತಾನೇ ಗಹಗಹಿಸಿ ನಕ್ಕ. ಬಾಳೆಹಣ್ಣು ತಿಂದೆ. ಸೇರಿದೆ.

ಮುಂದಿನ ಸೀಸನ್ನಿನ ಮೊದಲ ಮ್ಯಾಚು ಅದೇ ಮೈದಾನದಲ್ಲಿ. ಟಾಸಿಗೆ ಮೊದಲು ನನ್ನ ಹೆಸರು ಓದಿದರು, ಇನಿಶಿಯಲ್ ಸಮೇತ. ಅಕ್ಕನಿಗೆ ಮೆಸೇಜ್ ಹಾಕಿದೆ. ಅವಳು ಬೇಕರಿಯ ಕೌಂಟರಿನ ಕೆಳಗೆ ಮೊಬೈಲ್ ತೆರೆದಿಟ್ಟುಕೊಂಡು ಕೂತಳು. ಮೊದಲು ಬ್ಯಾಟಿಂಗ್. ಹತ್ತನೆಯವನಾಗಿ ಇಳಿದೆ. ಮೊದಲ ಬಾಲನ್ನೇ ಕಣ್ಣು ಮುಚ್ಚಿ ಬೀಸಿದೆ. ಮೇಲೆ ಹೋಯಿತು, ಬಹಳ ಮೇಲೆ. ರೈಲ್ವೆ ಹಳಿಯ ಕಡೆಯಿಂದ ಒಬ್ಬ ಓಡಿ ಬಂದ. ಟೀ ಶರ್ಟ್ ಅವನ ಅಳತೆಯದಲ್ಲ, ಬೆನ್ನ ಮೇಲಿನ ಹೆಸರೂ ಅವನದಿದ್ದ ಹಾಗಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಹಾರಿ, ಮಣ್ಣಿನಲ್ಲಿ ಉರುಳಿ, ಬಾಲ್ ಎತ್ತಿ ತೋರಿಸಿದ. ನನಗಿಂತ ಸಾಕಷ್ಟು ದೊಡ್ಡವನು, ಗಡ್ಡದಲ್ಲಿ ಬಿಳಿ ಕೂದಲು. ಅವನ ಟೀಮಿನವರು ಬೌಲರನ್ನು ಅಪ್ಪಿಕೊಂಡರು.

ನಾನು ಹೊರಗೆ ಹೋಗುವ ಬದಲು ಅವನ ಹತ್ತಿರ ನಡೆದೆ.

“ಅಣ್ಣ, ನಿಮ್ಮ ಹೆಸರು?”

ಅವನು ಗಾಬರಿಯಾದ. “ಯಾಕ್ರೀ? ಕ್ಲೀನ್ ಕ್ಯಾಚು. ನೆಲಕ್ಕೆ ತಾಗಿಲ್ಲ.”

“ಗೊತ್ತು. ನನ್ನ ಔಟ್ ಮಾಡಿದ್ರಲ್ಲ, ಅದಕ್ಕೆ.”

“ನಾನು ಸಬ್ಬು ಸಾರ್,” ಎಂದ. ಆಮೇಲೆ, ಬಹಳ ದಿನದಿಂದ ತೆಗೆಯದ ಬೀರು ತೆಗೆದ ಹಾಗೆ, ಹೆಸರು ಹೇಳಿದ.

ಸ್ಕೋರರ್ ಮೇಜಿನ ಹತ್ತಿರ ಹೋದೆ. ಮೊಬೈಲಿನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬಿದ್ದಿತ್ತು. ಅದರ ಪಕ್ಕ ‘ಕ್ಯಾಚ್ ಸಬ್’. ಅಕ್ಕ ಆಗಲೇ ಹಲ್ಲು ಕಿರಿಯುವ ಬೊಂಬೆಯೊಂದನ್ನು ಕಳಿಸಿದ್ದಳು.

“ಸಾರ್, ಹಿಡಿದವ್ರ ಹೆಸರು ಹಾಕಿ.”

“ಸಬ್‌ಗೆಲ್ಲಾ ಹೆಸರು ಯಾಕಪ್ಪಾ? ನೀನು ಔಟ್ ಆದೆ ತಾನೆ? ಹೋಗಿ ಕೂತ್ಕೋ.”

“ನನ್ನ ಸೊನ್ನೆ ಸಾರ್ ಇದು. ಯಾರು ಕೊಟ್ರು ಅಂತ ಗೊತ್ತಾಗ್ಬೇಕು.”

ಅವರು ನಕ್ಕರು. ನಾನು ನಗಲಿಲ್ಲ. ಮುಂದಿನವನು ಕ್ರೀಸಿಗೆ ಹೋಗಿ ಗಾರ್ಡ್ ತಗೊಂಡ, ಒಂದು ಓವರ್ ಮುಗಿಯಿತು, ನಮ್ಮ ಕ್ಯಾಪ್ಟನ್ ದೂರದಿಂದ “ಏನಪ್ಪಾ, ಅಲ್ಲೇನ್ ದೇವ್ರು ಬಂತಾ?” ಎಂದು ಕೂಗಿದ. ಸ್ಕೋರರ್ ಆ ಹೆಸರನ್ನು ಮೊಬೈಲಿನಲ್ಲಿ ಒತ್ತಿ ಮುಗಿಸುವವರೆಗೆ ನಾನು ಮೇಜಿನ ಮುಂದಿನಿಂದ ಕದಲಲಿಲ್ಲ, ಪ್ಯಾಡನ್ನೂ ಬಿಚ್ಚಲಿಲ್ಲ.